ಆರಿದ್ರಾ ಮಳೆಗೆ ಮುಂಚೆ ಆ ಪುಸ್ತಕವನ್ನೊಮ್ಮೆ ತೆಗೆಯಿರಿ

ಕೊಪ್ಪ, ಶೃಂಗೇರಿ, ನರಸಿಂಹರಾಜಪುರದ ಕಡೆಯ ಮನೆಗಳಲ್ಲಿ ಜುಲೈ ಕೊನೆಗೆ ಪುಸ್ತಕದ ಕಪಾಟು ತೆಗೆದರೆ ಮೊದಲು ಮೂಗಿಗೆ ತಿಳಿಯುತ್ತದೆ, ಆಮೇಲೆ ಕಣ್ಣಿಗೆ. ಪುಸ್ತಕದ ಬೆನ್ನಿನ ಮೇಲೆ ಬೂದಿ ಉದುರಿಸಿದ ಹಾಗೆ ಬೂಷ್ಟು ಕೂತಿರುತ್ತದೆ. ಅಂಗಡಿಯಲ್ಲಿ ಮತ್ತೆ ಸಿಗುವ ಪುಸ್ತಕವಾದರೆ ಒರೆಸಿಟ್ಟು ಸುಮ್ಮನಾಗಬಹುದು. ಮತ್ತೆ ಸಿಗದ ಪುಸ್ತಕವಾದರೆ ಏನು ಮಾಡಬೇಕು ಎನ್ನುವುದೇ ಈ ಲೇಖನದ ವಿಷಯ.

ನಮ್ಮ ಮನೆಯಲ್ಲಿ ಅಂಥದ್ದೊಂದಿದೆ. ಅಪ್ಪಯ್ಯ ಶಾಲೆಯಲ್ಲಿ ಡ್ರಾಯಿಂಗ್ ಮೇಷ್ಟ್ರಾಗಿದ್ದರು. ಬೆಂಗಳೂರಿಗೆ ಹೋದಾಗ ಹಳೆ ಪುಸ್ತಕದಂಗಡಿಯಲ್ಲಿ ಹುಡುಕಿ ತಂದದ್ದು ‘ರೆನ್ವಾರ್, ಮೈ ಫಾದರ್’. ಫ್ರಾನ್ಸಿನ ಚಿತ್ರಕಾರ ಪಿಯೆರ್ ಒಗುಸ್ತ್ ರೆನ್ವಾರ್‌ನ ಜೀವನವನ್ನು ಅವನ ಮಗ ಝಾನ್ ರೆನ್ವಾರ್ ಬರೆದ ಪುಸ್ತಕ ಅದು. ಅಂಚಿನಲ್ಲೆಲ್ಲ ಅಪ್ಪಯ್ಯನ ಪೆನ್ಸಿಲ್ ಟಿಪ್ಪಣಿ. ಒಂದು ಮಳೆಗಾಲ ಮಂಗಗಳು ಮಾಡಿನ ಮೇಲೆ ಓಡಾಡಿ ಹಂಚು ಸರಿಯಿತು. ಕಪಾಟಿನ ಮೇಲೇ ಸೋರಿತು. ಗೊತ್ತಾಗುವ ಹೊತ್ತಿಗೆ ಮೂರು ದಿನ ಕಳೆದಿತ್ತು. ನುಣುಪು ಹಾಳೆಯ ಚಿತ್ರಪುಟಗಳು ಒಂದಕ್ಕೊಂದು ಅಂಟಿದ್ದವು. ನಾನು ಗಾಬರಿಯಲ್ಲಿ ಬಿಡಿಸಲು ಹೋದೆ. ಒಂದು ಚಿತ್ರದ ಮುಖದ ಭಾಗ ಎದ್ದು ಎದುರು ಪುಟಕ್ಕೆ ಅಂಟಿಕೊಂಡಿತು. ಆ ಎರಡು ಹಾಳೆಗಳನ್ನು ನೋಡಿದಾಗೆಲ್ಲ ಈಗಲೂ ಸಂಕಟವಾಗುತ್ತದೆ. ನನಗೆ ಅವತ್ತು ಗೊತ್ತಿಲ್ಲದೇ ಇದ್ದದ್ದು ನಿಮಗೆ ಮೊದಲೇ ಗೊತ್ತಿರಲಿ ಎಂದು ಇದನ್ನು ಬರೆಯುತ್ತಿದ್ದೇನೆ.

ಮಕ್ಕಳು ಬರೆದ ಅಪ್ಪಂದಿರ ಪುಸ್ತಕ

ಕ್ರಮಕ್ಕೆ ಹೋಗುವ ಮುಂಚೆ ಇಂಥ ಪುಸ್ತಕಕ್ಕೆ ಬೆಲೆ ಯಾಕೆ ಎಂದು ಎರಡು ಮಾತು. ಒಗುಸ್ತ್ ರೆನ್ವಾರ್ 1841ರಲ್ಲಿ ಹುಟ್ಟಿ 1919ರಲ್ಲಿ ತೀರಿಕೊಂಡ. ಕೊನೆಯ ವರ್ಷಗಳಲ್ಲಿ ಸಂಧಿವಾತದಿಂದ ಕೈಬೆರಳು ಮಡಚಿಹೋಗಿದ್ದವು. ಕುಂಚವನ್ನು ಬೆರಳ ಸಂದಿಗೆ ಸಿಕ್ಕಿಸಿಕೊಂಡು ಬರೆಯುತ್ತಿದ್ದ. ಮೊದಲ ಮಹಾಯುದ್ಧದಲ್ಲಿ 1915ರಲ್ಲಿ ಕಾಲಿಗೆ ಗುಂಡು ತಗುಲಿದ ಮಗ ಝಾನ್, ಚೇತರಿಸಿಕೊಳ್ಳುತ್ತ ಅಪ್ಪನ ಹತ್ತಿರ ಕೂತು ಕೇಳಿಸಿಕೊಂಡ ಮಾತುಗಳೇ ಆ ಪುಸ್ತಕದ ಜೀವಾಳ. ಪುಸ್ತಕ ಬಂದದ್ದು ನಲವತ್ತು ವರ್ಷ ದಾಟಿದ ಮೇಲೆ, 1962ರಲ್ಲಿ. ಅಷ್ಟರಲ್ಲಿ ಝಾನ್ ಹೆಸರಾಂತ ಸಿನಿಮಾ ನಿರ್ದೇಶಕನಾಗಿದ್ದ. ‘ದಿ ರಿವರ್’ ಚಿತ್ರ ತೆಗೆಯಲು ನಮ್ಮ ಬಂಗಾಳಕ್ಕೂ ಬಂದಿದ್ದ. ಚಿಕ್ಕಂದಿನಲ್ಲಿ ಅವನನ್ನು ಎತ್ತಿ ಆಡಿಸಿದ, ಅಪ್ಪನ ಎಷ್ಟೋ ಚಿತ್ರಗಳಿಗೆ ರೂಪದರ್ಶಿಯಾಗಿ ಕೂತ ಗೇಬ್ರಿಯೆಲ್ ಎಂಬಾಕೆಯ ನೆನಪುಗಳೂ ಅದರಲ್ಲಿ ಸೇರಿವೆ. ಕಲಾವಿಮರ್ಶಕ ಎಷ್ಟೇ ಓದಿದ್ದರೂ ಅವನಿಗೆ ಸಿಗದ ವಿವರಗಳಿವು: ಅಪ್ಪ ಏನು ತಿನ್ನುತ್ತಿದ್ದ, ಯಾವುದಕ್ಕೆ ಸಿಟ್ಟಾಗುತ್ತಿದ್ದ, ಬಣ್ಣವನ್ನು ಹೇಗೆ ಜೋಡಿಸಿಕೊಳ್ಳುತ್ತಿದ್ದ.

ನಮ್ಮಲ್ಲಿ ಈ ಜಾತಿಯ ಪುಸ್ತಕಗಳು ಸಾಹಿತಿಗಳ ಮನೆಯಿಂದ ಬಂದಿವೆ. ಕುವೆಂಪು ಹುಟ್ಟಿದ್ದು ಇದೇ ಕೊಪ್ಪ ತಾಲ್ಲೂಕಿನ ಹಿರೇಕೊಡಿಗೆಯಲ್ಲಿ, 1904ರ ಡಿಸೆಂಬರ್ 29ರಂದು. ಅವರನ್ನು ಕುರಿತು ಮಗ ಪೂರ್ಣಚಂದ್ರ ತೇಜಸ್ವಿ ‘ಅಣ್ಣನ ನೆನಪು’ ಬರೆದರು. ಮಗಳು ತಾರಿಣಿ ಚಿದಾನಂದ ‘ಮಗಳು ಕಂಡ ಕುವೆಂಪು’ ಬರೆದರು. ಕಾದಂಬರಿ, ಯಕ್ಷಗಾನಗಳ ನಡುವೆ ಕುಂಚವನ್ನೂ ಹಿಡಿದಿದ್ದ ಶಿವರಾಮ ಕಾರಂತರ ಬಗ್ಗೆ ಅವರ ಮಕ್ಕಳಾದ ಉಲ್ಲಾಸ ಕಾರಂತ, ಮಾಳವಿಕಾ ಕಪೂರ್, ಕ್ಷಮಾ ರಾವ್ ಸೇರಿ ಇಂಗ್ಲಿಷಿನಲ್ಲಿ ‘ಗ್ರೋಯಿಂಗ್ ಅಪ್ ಕಾರಂತ್’ ಎಂಬ ಪುಸ್ತಕ ತಂದರು. ತೇಜಸ್ವಿಯವರು 2007ರಲ್ಲಿ ತೀರಿಕೊಂಡರು. ಅಂದರೆ ಅವರ ರುಜುವಿರುವ ಪ್ರತಿಗಳು ಎಷ್ಟಿವೆಯೋ ಅಷ್ಟೇ, ಇನ್ನು ಹೆಚ್ಚಾಗುವುದಿಲ್ಲ. ನಿಮ್ಮ ಮನೆಯ ನಾಗಂದಿಗೆಯ ಮೇಲೆ ಅಂಥದ್ದೊಂದು ಇದ್ದರೆ ಅದು ಬೂಷ್ಟಿನ ಪಾಲಾಗಬಾರದು.

ಕೊಳ್ಳುವಾಗ ಏನು ನೋಡಬೇಕು

ಹಳೆ ಪುಸ್ತಕ ಕೊಳ್ಳುವುದರಲ್ಲಿ ದೊಡ್ಡ ವಿದ್ಯೆಯೇನಿಲ್ಲ, ತಾಳ್ಮೆ ಬೇಕು.

1. ಹೆಸರುಪುಟದ ಹಿಂಬದಿ ಓದಿ. ಕನ್ನಡ ಪುಸ್ತಕದಲ್ಲಿ ‘ಮೊದಲ ಮುದ್ರಣ’, ವರ್ಷ, ಪ್ರತಿಗಳ ಸಂಖ್ಯೆ, ಬಳಸಿದ ಕಾಗದ, ಬೆಲೆ ಎಲ್ಲವೂ ಸಾಮಾನ್ಯವಾಗಿ ಅಲ್ಲೇ ಇರುತ್ತವೆ. ‘ಎರಡನೇ ಮುದ್ರಣ’, ‘ಮರುಮುದ್ರಣ’ ಎಂದಿದ್ದರೆ ಓದಲು ಅಷ್ಟೇ ಚೆಂದ, ಸಂಗ್ರಹದ ಬೆಲೆ ಬೇರೆ. ‘ರೆನ್ವಾರ್, ಮೈ ಫಾದರ್’ ಇಂಗ್ಲಿಷಿನಲ್ಲಿ 1962ರಲ್ಲಿ ಅಮೆರಿಕದಲ್ಲಿ ಲಿಟಲ್ ಬ್ರೌನ್, ಇಂಗ್ಲೆಂಡಿನಲ್ಲಿ ಕಾಲಿನ್ಸ್ ಪ್ರಕಾಶನಗಳಿಂದ ಬಂತು. ಆಮೇಲಿನ ಮುದ್ರಣಗಳೂ ಹಲವು ಇವೆ. ಓದುವ ಆಸೆಯಷ್ಟೇ ಇದ್ದರೆ ಅವುಗಳಲ್ಲೊಂದನ್ನು ಕೊಳ್ಳಿ, ದುಡ್ಡು ಉಳಿಯುತ್ತದೆ.

2. ಹೊರಹೊದಿಕೆ ಇದೆಯೇ ನೋಡಿ. ರಟ್ಟಿನ ಮೇಲೆ ಸುತ್ತಿರುವ ಆ ಬಿಡಿ ಕಾಗದ ಮೊದಲು ಹರಿಯುವುದು, ಮೊದಲು ಕಳೆದುಹೋಗುವುದು. ಅದಕ್ಕೇ ಸಂಗ್ರಹಕಾರರು ಅದಕ್ಕೆ ಅಷ್ಟು ಬೆಲೆ ಕೊಡುತ್ತಾರೆ. ಅದರ ಒಳಮಡಿಕೆಯ ಮೂಲೆಯಲ್ಲಿ ಅಚ್ಚಾದ ಬೆಲೆಯನ್ನು ಕತ್ತರಿಸಿದ್ದಾರೆಯೇ ಎಂಬುದನ್ನೂ ನೋಡಬೇಕು.

3. ಚಿತ್ರಪುಟಗಳನ್ನು ಒಂದೊಂದಾಗಿ ಎಣಿಸಿ. ಚಿತ್ರಗಳ ಪಟ್ಟಿ ಪುಸ್ತಕದ ಮುಂದೆಯೋ ಹಿಂದೆಯೋ ಇರುತ್ತದೆ. ಅದಕ್ಕೆ ತಾಳೆ ಹಾಕಿ. ಗೋಡೆಗೆ ಕಟ್ಟು ಹಾಕಿಸಲು ಯಾರೋ ಒಂದು ಹಾಳೆ ಕತ್ತರಿಸಿಕೊಂಡಿರುವುದುಂಟು. ಚಿತ್ರಕಾರನ ಪುಸ್ತಕಕ್ಕೆ ಇದಕ್ಕಿಂತ ದೊಡ್ಡ ಊನ ಇಲ್ಲ.

4. ಮೂಸಿ ನೋಡಿ. ಹಳೆಯ ಕಾಗದದ ಸಿಹಿ ಒಗರು ವಾಸನೆ ಬೇರೆ, ಬೂಷ್ಟಿನ ಮುಗ್ಗಲು ವಾಸನೆ ಬೇರೆ. ಮುಗ್ಗಲು ವಾಸನೆಯ ಪುಸ್ತಕವನ್ನು ಮನೆಗೆ ತಂದರೆ ಮಿಕ್ಕವುಗಳ ಪಕ್ಕ ಇಡುವ ಮುಂಚೆ ಹದಿನೈದು ದಿನ ಬೇರೆ ಕೋಣೆಯಲ್ಲಿಡಿ.

ಗ್ರಂಥಾಲಯದ ಮೊಹರು ಕಂಡರೆ ‘ರದ್ದು’ ಎಂಬ ಮೊಹರೂ ಇದೆಯೇ ಹುಡುಕಿ. ಇಲ್ಲದಿದ್ದರೆ ಕೊಳ್ಳಬೇಡಿ, ಅದು ಯಾವುದೋ ಊರಿನ ಓದುಗರಿಗೆ ಸೇರಿದ್ದು.

ಬೂಷ್ಟು ಯಾಕೆ ಬರುತ್ತದೆ

ಬೂಷ್ಟಿನ ಬೀಜಕಣಗಳು ಗಾಳಿಯಲ್ಲಿ ಯಾವಾಗಲೂ ಇರುತ್ತವೆ. ಬೇಸಿಗೆಯಲ್ಲೂ ನಿಮ್ಮ ಪುಸ್ತಕದ ಮೇಲೆ ಕೂತಿರುತ್ತವೆ. ಅವು ಮೊಳೆಯಲು ಬೇಕಾದದ್ದು ತೇವ ಮತ್ತು ಅಲುಗಾಡದ ಗಾಳಿ. ಗಾಳಿಯ ತೇವಾಂಶ ಶೇ 65–70 ದಾಟಿ ಕೆಲವು ದಿನ ಹಾಗೇ ನಿಂತರೆ ಸಾಕು. ನೀರೇ ತಾಗಿದರೆ ಎರಡು ಮೂರು ದಿನದಲ್ಲಿ ಬಿಳಿ ಎಳೆ ಕಾಣುತ್ತದೆ. ಶೃಂಗೇರಿ, ಕೊಪ್ಪದ ಕಡೆ ಆರಿದ್ರಾ ಹಿಡಿದರೆ ಆಶ್ಲೇಷದವರೆಗೆ ತೇವಾಂಶ ಶೇ 90ರ ಆಸುಪಾಸಿನಲ್ಲೇ ಇರುವ ದಿನಗಳು ಎಷ್ಟೋ. ನರಸಿಂಹರಾಜಪುರದ ಕಡೆ ಮಳೆ ಕಡಿಮೆ ಎನ್ನುವುದು ನಿಜ, ಆದರೆ ಪುಸ್ತಕದ ಮಟ್ಟಿಗೆ ಆ ವ್ಯತ್ಯಾಸ ನಂಬಿ ಕೂರುವಷ್ಟು ದೊಡ್ಡದಲ್ಲ. ಭದ್ರಾ ಹಿನ್ನೀರಿನ ಅಂಚಿನ ಮನೆಗಳಲ್ಲಿ ಅದನ್ನು ಬೇರೆ ಹೇಳಬೇಕಿಲ್ಲ.

ಬೂಷ್ಟು ಮೊದಲು ಬೆನ್ನು ಮತ್ತು ಬಟ್ಟೆ ರಟ್ಟಿನ ಮೇಲೆ ಬರುತ್ತದೆ, ಒಳಗಿನ ಹಾಳೆಗೆ ಆಮೇಲೆ. ಕಾರಣ ಆಹಾರ. ಬೆನ್ನಿಗೆ ಹಚ್ಚಿದ ಅಂಟು, ರಟ್ಟಿನ ಬಟ್ಟೆಗೆ ಹಾಕಿದ ಗಂಜಿ, ನಮ್ಮ ಬೆರಳಿನ ಜಿಡ್ಡು, ಧೂಳು, ಇವೆಲ್ಲ ಅದಕ್ಕೆ ಹಬ್ಬದೂಟ. ಬೆಳ್ಳಿಹುಳಕ್ಕೂ ಇದೇ ರುಚಿ.

ಚಿತ್ರಕಾರನ ಜೀವನಚರಿತ್ರೆಗೆ ಇನ್ನೊಂದು ಕಷ್ಟವಿದೆ. ಒಂದೇ ಪುಸ್ತಕದಲ್ಲಿ ಎರಡು ಬಗೆಯ ಕಾಗದ. ಬರಹದ ಹಾಳೆ ಒರಟು. ತೇವ ಹೀರಿ ಮತ್ತೆ ಬಿಡುತ್ತದೆ. ಚಿತ್ರ ಅಚ್ಚಾದ ಆರ್ಟ್ ಪೇಪರಿಗೆ ಮೇಲೆ ನುಣುಪಾದ ಬಿಳಿ ಜೇಡಿಯನ್ನು ಅಂಟಿನಲ್ಲಿ ಕಲಸಿ ಬಳಿದಿರುತ್ತಾರೆ. ಬಣ್ಣ ಹೊಳೆಯುವುದು ಅದರಿಂದಲೇ. ಒದ್ದೆಯಾದರೆ ಆ ಲೇಪ ಕರಗಿ ಗೋಂದಿನಂತಾಗುತ್ತದೆ. ಎರಡು ಆರ್ಟ್ ಪೇಪರುಗಳು ಎದುರುಬದುರಾಗಿ ಒತ್ತಿಕೊಂಡೇ ಒಣಗಿದವೆಂದರೆ ಇಟ್ಟಿಗೆ. ನಮ್ಮ ಮನೆಯಲ್ಲಿ ಆದದ್ದು ಅದೇ.

ತೇವಾಂಶದ ಲೆಕ್ಕವನ್ನು ಅಡಿಕೆ ಬೆಳೆಗಾರರಿಗೆ ಹೇಳಿಕೊಡಬೇಕಿಲ್ಲ. ಒಲೆಯ ಮೇಲಿನ ಅಟ್ಟದಲ್ಲಿ ಮಳೆಗಾಲದಲ್ಲೂ ಅಡಿಕೆ ಯಾಕೆ ಕೆಡುವುದಿಲ್ಲ? ಬಿಸಿಯಾದ ಗಾಳಿ ಹೆಚ್ಚು ನೀರಾವಿ ಹಿಡಿದಿಟ್ಟುಕೊಳ್ಳಬಲ್ಲದು. 24 ಡಿಗ್ರಿಯಲ್ಲಿ ಶೇ 90 ತೇವಾಂಶವಿದ್ದ ಗಾಳಿ 28 ಡಿಗ್ರಿಗೆ ಬಿಸಿಯಾದರೆ, ಅದರಲ್ಲಿರುವ ನೀರು ಅಷ್ಟೇ ಇದ್ದರೂ ತೇವಾಂಶ ಶೇ 71ರ ಹತ್ತಿರಕ್ಕೆ ಇಳಿಯುತ್ತದೆ. ತಣ್ಣನೆಯ ಹೊರಗೋಡೆಗೆ ತಾಗಿದ ಕಪಾಟಿನಲ್ಲಿ ಆಗುವುದು ಇದರ ತಿರುವುಮುರುವು: ಕೋಣೆಯ ನಡುವೆ ಗಾಳಿ ಒಣಗಿದಂತಿದ್ದರೂ ಗೋಡೆಯ ಪಕ್ಕ ಅದೇ ಗಾಳಿ ತಣಿದು ಒದ್ದೆಯಾಗುತ್ತದೆ. ಕೆಳಗಿನ ಕ್ರಮಗಳಲ್ಲಿ ಹೆಚ್ಚಿನವು ಈ ಒಂದು ಲೆಕ್ಕದ ಮೇಲೆ ನಿಂತಿವೆ.

ಇಡುವ ಕ್ರಮ

1. ಗೋಡೆ ಆರಿಸಿಕೊಳ್ಳಿ. ನಮ್ಮ ಮುಂಗಾರು ನೈಋತ್ಯದಿಂದ ಬೀಸುತ್ತದೆ. ಪಡುವಣ, ತೆಂಕಣ ದಿಕ್ಕಿನ ಹೊರಗೋಡೆ ಇರಚಲಿಗೆ ನೆನೆದು ತಿಂಗಳುಗಟ್ಟಲೆ ತಂಪಾಗಿರುತ್ತದೆ. ಪುಸ್ತಕದ ಕಪಾಟನ್ನು ಮನೆಯ ಒಳಗೋಡೆಗೆ ಸರಿಸಿ. ಅಡುಗೆಮನೆಯ ಬೆಚ್ಚನೆಯ ಗೋಡೆಯ ಈಚೆ ಬದಿ ಸಿಕ್ಕರೆ ಇನ್ನೂ ಒಳ್ಳೆಯದು. ಗೋಡೆಗೂ ಕಪಾಟಿಗೂ ಮೂರು ಇಂಚು ಅಂತರ ಬಿಡಿ. ಕೆಳಗಿನ ಹಲಗೆ ನೆಲದಿಂದ ಒಂದಡಿ ಮೇಲಿರಲಿ.

2. ಪುಸ್ತಕಗಳನ್ನು ಇಡುಕಿಡಬೇಡಿ. ಒಂದನ್ನು ಎಳೆದರೆ ಪಕ್ಕದ್ದು ಜೊತೆಗೆ ಬರದಷ್ಟು ಸಡಿಲವಾಗಿರಬೇಕು, ವಾಲದಷ್ಟು ಬಿಗಿಯಾಗಿರಬೇಕು. ದಪ್ಪ, ಭಾರದ ಚಿತ್ರಪುಸ್ತಕವನ್ನು ಮಲಗಿಸಿಡಿ. ನಿಲ್ಲಿಸಿದರೆ ಹಾಳೆಗಳ ಭಾರಕ್ಕೆ ಬೆನ್ನು ಜೋತುಬೀಳುತ್ತದೆ. ಮೇಲೆ ಇನ್ನೆರಡಕ್ಕಿಂತ ಹೆಚ್ಚು ಹೇರಬೇಡಿ.

3. ಒಂದು ಡಿಜಿಟಲ್ ತೇವಮಾಪಕ ಕೊಂಡು ಕಪಾಟಿನೊಳಗೇ ಇಡಿ. ಕೆಲವು ನೂರು ರೂಪಾಯಿಗೆ ಸಿಗುತ್ತದೆ. ಶೇ 45ರಿಂದ 55ರೊಳಗೆ ಇದ್ದರೆ ನೆಮ್ಮದಿ. 60 ದಾಟಿದರೆ ಕೆಲಸ ಶುರು ಮಾಡಬೇಕು. ಈ ಸಣ್ಣ ಯಂತ್ರ ಇಲ್ಲದೆ ಮಿಕ್ಕಿದ್ದೆಲ್ಲ ಕತ್ತಲಲ್ಲಿ ತಡಕಾಟ. ಇಡೀ ಲೇಖನದಲ್ಲಿ ಒಂದೇ ಒಂದು ಮಾತು ಪಾಲಿಸುವುದಾದರೆ ಇದನ್ನು ಪಾಲಿಸಿ ಎನ್ನುತ್ತೇನೆ.

4. ಮಳೆ ಹೊಳವಾದಾಗ ಕಿಟಕಿ ತೆಗೆಯಿರಿ, ಹಾಗೇ ಬಿಡಬೇಡಿ. ಮಧ್ಯಾಹ್ನ ಹನ್ನೆರಡರಿಂದ ಮೂರರವರೆಗೆ ಗಾಳಿ ಕೊಂಚ ಒಣಗಿರುತ್ತದೆ. ಆಗ ಕಪಾಟಿನ ಬಾಗಿಲು, ಕೋಣೆಯ ಕಿಟಕಿ ಎರಡನ್ನೂ ತೆರೆದು ಫ್ಯಾನ್ ಹಾಕಿ. ಸಂಜೆ ಮಂಜು ಇಳಿಯುವ ಮುಂಚೆ ಮುಚ್ಚಿ. ಕಿಟಕಿ ಮುಚ್ಚಿದಾಗಲೂ ದಿನಕ್ಕೆ ಒಂದು ಗಂಟೆ ಫ್ಯಾನ್ ಓಡಿದರೆ ಮೂಲೆಯಲ್ಲಿ ಗಾಳಿ ಹೆಪ್ಪುಗಟ್ಟುವುದಿಲ್ಲ.

5. ತೀರ ಅಪರೂಪದ ಒಂದೆರಡು ಪುಸ್ತಕಗಳಿಗೆ ಸಿಲಿಕಾ ಜೆಲ್ ಡಬ್ಬಿ ಮಾಡಿ. ತೇವ ಹೀರುವ ಯಂತ್ರ ಒಳ್ಳೆಯದೇ, ಆದರೆ ಮರ ಬಿದ್ದು ಕರೆಂಟು ನಾಲ್ಕು ದಿನ ಬರದಿದ್ದಾಗ ಅದು ಬರೀ ಪೆಟ್ಟಿಗೆ. ಸಿಲಿಕಾ ಜೆಲ್‌ಗೆ ಕರೆಂಟು ಬೇಡ. ರಬ್ಬರ್ ಅಂಚಿನ, ಗಾಳಿಯಾಡದ 20 ಲೀಟರಿನ ಪ್ಲಾಸ್ಟಿಕ್ ಡಬ್ಬಿಗೆ 400–500 ಗ್ರಾಂ ಸಾಕು. ಕಿತ್ತಳೆ ಬಣ್ಣದ್ದನ್ನು ಕೊಳ್ಳಿ. ನೀಲಿಯದರಲ್ಲಿ ಕೋಬಾಲ್ಟ್ ಲವಣ ಇರುತ್ತದೆ, ಮನೆಯಲ್ಲಿ ಬೇಡ. ತೆಳು ಬಟ್ಟೆಯ ಚೀಲದಲ್ಲಿ ಕಟ್ಟಿ ಡಬ್ಬಿಯ ಮೂಲೆಯಲ್ಲಿಡಿ, ಪುಸ್ತಕಕ್ಕೆ ತಾಗಬಾರದು. ಬಣ್ಣ ಕಡುಹಸಿರಾದಾಗ ಓವನ್‌ನಲ್ಲಿ 110–120 ಡಿಗ್ರಿಯಲ್ಲಿ ಎರಡು ಗಂಟೆ ಬಿಸಿ ಮಾಡಿ, ಪೂರ್ತಿ ಆರಿದ ಮೇಲೆ ಮತ್ತೆ ಬಳಸಬಹುದು.

ಇದರಲ್ಲಿ ಒಂದು ಎಚ್ಚರಿಕೆ. ಡಬ್ಬಿಗೆ ಹಾಕುವುದು ಒಣಗಿದ ಪುಸ್ತಕವನ್ನು ಮಾತ್ರ, ಅಂದರೆ ಮಳೆಗೆ ಮುಂಚೆ, ಮೇ ತಿಂಗಳಲ್ಲಿ. ಜುಲೈಯಲ್ಲಿ ತೇವ ಹೀರಿಕೊಂಡ ಪುಸ್ತಕವನ್ನು ಮುಚ್ಚಿಟ್ಟರೆ ಹೊರಗೆ ಒಣಗಿದಂತೆ ಕಂಡ ಅಡಿಕೆಯನ್ನು ಚೀಲಕ್ಕೆ ತುಂಬಿದ ಹಾಗೆ. ಒಳಗಿನ ಹಸಿ ಎಲ್ಲಿ ಹೋಗುತ್ತದೆ?

6. ಡಬ್ಬಿ ಬೇಡವೆನ್ನುವವರು ಬಟ್ಟೆ ಸುತ್ತಿ. ಮಠ, ಮನೆತನಗಳಲ್ಲಿ ತಾಳೆಗರಿಯ ಕಟ್ಟುಗಳನ್ನು ಬಟ್ಟೆಯಲ್ಲಿ ಸುತ್ತಿಡುವ ಪದ್ಧತಿಗೆ ಅರ್ಥವಿದೆ. ಹತ್ತಿ ಬಟ್ಟೆ ತೇವವನ್ನು ತಾನು ಮೊದಲು ಹೀರಿ ನಿಧಾನವಾಗಿ ಬಿಡುತ್ತದೆ, ಧೂಳು ತಡೆಯುತ್ತದೆ, ಉಸಿರಾಡಲೂ ಬಿಡುತ್ತದೆ. ಹಳೆಯ ಬಿಳಿ ಪಂಚೆ ಸಾಕು. ಆದರೆ ಗಂಜಿ ಪೂರ್ತಿ ಹೋಗುವಂತೆ ಎರಡು ಮೂರು ಸಲ ಬಿಸಿನೀರಲ್ಲಿ ಒಗೆದಿರಬೇಕು. ಬಣ್ಣದ ಬಟ್ಟೆಯಾದರೆ ಬಣ್ಣ ಬಿಡುವುದಿಲ್ಲವೆಂದು ಖಾತ್ರಿ ಮಾಡಿಕೊಳ್ಳಿ.

7. ತಿಂಗಳಿಗೊಮ್ಮೆ ಎಲ್ಲ ಪುಸ್ತಕ ಕೆಳಗಿಳಿಸಿ ಕಪಾಟಿನ ಹಿಂಬದಿ ಟಾರ್ಚ್ ಹಾಕಿ ನೋಡಿ. ಒರಲೆ ಸದ್ದಿಲ್ಲದೆ ಗೋಡೆಯಿಂದ ಮಣ್ಣಿನ ಕೊಳವೆ ಕಟ್ಟಿಕೊಂಡು ಬರುತ್ತದೆ. ಬೆನ್ನು, ರಟ್ಟು ಹಾಗೇ ಇದ್ದು ಒಳಗೆ ಬರೀ ಮಣ್ಣು ಉಳಿದಿರುವ ಪುಸ್ತಕವನ್ನು ಮಲೆನಾಡಿನಲ್ಲಿ ನೋಡದವರು ಯಾರು? ಕೊಳವೆ ಕಂಡರೆ ಅದನ್ನು ಕೆರೆದು ಹಾಕಿದರೆ ಮುಗಿಯಲಿಲ್ಲ, ಅದು ಹೊರಟ ಜಾಗಕ್ಕೆ ಔಷಧಿ ಬೀಳಬೇಕು. ಪುಸ್ತಕದ ಮೇಲೆ ಎಂದೂ ಸಿಂಪಡಿಸಬೇಡಿ.

ಬೂಷ್ಟು ಬಂದೇ ಬಿಟ್ಟರೆ

ಮೊದಲು ಆ ಪುಸ್ತಕವನ್ನು ಬೇರೆಯವುಗಳಿಂದ ದೂರ ಮಾಡಿ. ಬೂಷ್ಟು ಒದ್ದೆಯಾಗಿ ಲೋಳೆಲೋಳೆಯಾಗಿದ್ದಾಗ ಒರೆಸಿದರೆ ಕಲೆ ಬಟ್ಟೆಯೊಳಗೆ ಇಳಿಯುತ್ತದೆ. ಅದನ್ನು ಮೊದಲು ಒಣಗಿಸಬೇಕು: ನೆರಳಿನಲ್ಲಿ, ಫ್ಯಾನಿನ ಗಾಳಿಗೆ, ಪುಸ್ತಕವನ್ನು ಸ್ವಲ್ಪ ಬಿಡಿಸಿ ನಿಲ್ಲಿಸಿ. ಫ್ಯಾನು ನೇರವಾಗಿ ಅದರ ಮೇಲೆ ಬೀಸದಿರಲಿ. ಒಣಗಿದ ಬೂಷ್ಟು ಪುಡಿಯಾಗುತ್ತದೆ.

ಆ ಪುಡಿಯನ್ನು ಮನೆಯೊಳಗೆ ಕೊಡವಬಾರದು. ಜಗಲಿಯ ಗಾಳಿ ಹೋಗುವ ತುದಿಯಲ್ಲಿ, ಮೂಗಿಗೆ ಎನ್-95 ಮಾಸ್ಕು, ಕೈಗೆ ಗವುಸು ಹಾಕಿಕೊಂಡು, ಮೃದುವಾದ ಚಿತ್ರದ ಕುಂಚದಿಂದ ಬೆನ್ನಿನ ಕಡೆಯಿಂದ ಹೊರಕ್ಕೆ ಗುಡಿಸಿ. ಉಬ್ಬಸ ಇರುವವರು, ಬಸುರಿಯರು, ಮಕ್ಕಳು ಈ ಕೆಲಸ ಮಾಡಬಾರದು. ಕುಂಚವನ್ನು ಬೇರೆ ಪುಸ್ತಕಕ್ಕೆ ಬಳಸುವ ಮುಂಚೆ ಸೋಪಿನಲ್ಲಿ ತೊಳೆದು ಒಣಗಿಸಿ. ಕಪಾಟಿನ ಹಲಗೆಯನ್ನು ಸ್ಪಿರಿಟ್ಟಿನಲ್ಲಿ ಒರೆಸಿ, ಪುಸ್ತಕವನ್ನಲ್ಲ. ರಟ್ಟಿನ ಬಟ್ಟೆಯ ಬಣ್ಣ, ಶಾಯಿಯ ರುಜು ಎರಡನ್ನೂ ಸ್ಪಿರಿಟ್ಟು ಎಬ್ಬಿಸಬಲ್ಲದು.

ಹಾಳೆಯ ಮೇಲಿನ ಕಂದು ಚುಕ್ಕೆಗಳು ಹೋಗುವುದಿಲ್ಲ. ಹೋಗಲಿ ಎಂದು ಪ್ರಯತ್ನಿಸಲೂ ಬೇಡಿ. ಚುಕ್ಕೆಯಿರುವ ಹಾಳೆ ಇನ್ನೂ ನೂರು ವರ್ಷ ಬಾಳಬಹುದು. ಬ್ಲೀಚು ತಾಗಿದ ಹಾಳೆ ಬಾಳುವುದಿಲ್ಲ.

ಹುಳುವಿನ ಕಾಟವಾದರೆ ಫ್ರೀಜರ್ ಇದೆ. ಒಣಗಿದ ಪುಸ್ತಕವನ್ನು ಎರಡು ಪ್ಲಾಸ್ಟಿಕ್ ಚೀಲದಲ್ಲಿ ಗಾಳಿ ತೆಗೆದು ಕಟ್ಟಿ, ಮೈನಸ್ 18 ಡಿಗ್ರಿಯಲ್ಲಿ ಎರಡು ವಾರ ಇಡಿ. ನಡುವೆ ಕರೆಂಟು ಹೋಗಿ ಮಂಜು ಕರಗಿದರೆ ದಿನದ ಲೆಕ್ಕ ಮತ್ತೆ ಮೊದಲಿನಿಂದ. ಹೊರತೆಗೆದ ಮೇಲೆ ಒಂದು ದಿನ ಚೀಲ ಬಿಚ್ಚಬೇಡಿ, ಇಲ್ಲವಾದರೆ ಗಾಳಿಯ ನೀರೆಲ್ಲ ತಣ್ಣನೆಯ ರಟ್ಟಿನ ಮೇಲೆ ಇಬ್ಬನಿಯಾಗಿ ಕೂರುತ್ತದೆ. ಫ್ರೀಜರಿನಲ್ಲಿ ಹುಳು, ಮೊಟ್ಟೆ ಸಾಯುತ್ತವೆ. ಬೂಷ್ಟು ಸಾಯುವುದಿಲ್ಲ, ನಿದ್ದೆ ಹೋಗುತ್ತದೆ ಅಷ್ಟೆ.

ಪುಸ್ತಕ ನೆನೆದರೆ

ಇಲ್ಲಿ ಗಂಟೆಗಳ ಲೆಕ್ಕ. ಬರಹದ ಹಾಳೆಗಳು ಒಂದೆರಡು ದಿನ ಕಾಯುತ್ತವೆ. ಆರ್ಟ್ ಪೇಪರ್ ಒಣಗಲು ಶುರುವಾಗುವ ಮುಂಚೆ ಕೈಹಾಕಬೇಕು. ಒಳಗೆ ಚಿತ್ರಪುಟ ಇದೆಯೆಂದು ಗೊತ್ತಿದ್ದರೆ ಮಿಕ್ಕ ಕೆಲಸ ಬಿಟ್ಟು ಇದನ್ನು ಮಾಡಿ.

1. ಹಿಂಡಬೇಡಿ, ಒತ್ತಬೇಡಿ. ಟವೆಲಿನ ಮೇಲೆ ಮಲಗಿಸಿ ಹೊರಗಿನ ನೀರು ಇಳಿಯಲು ಬಿಡಿ. ಹೊರಹೊದಿಕೆಯನ್ನು ಬಿಡಿಸಿ ಬೇರೆಯಾಗಿ ಚಪ್ಪಟೆ ಇಡಿ.

2. ಚಿತ್ರಪುಟಗಳು ಇನ್ನೂ ಒದ್ದೆಯಾಗಿ ಜಾರುವಾಗಲೇ ನಿಧಾನವಾಗಿ ಒಂದೊಂದಾಗಿ ಬಿಡಿಸಿ, ಪ್ರತಿ ಎರಡರ ನಡುವೆ ಅಡುಗೆಗೆ ಬಳಸುವ, ಅಂಟದ ಬೆಣ್ಣೆ ಕಾಗದ ಇಡಿ. ಎಲ್ಲ ಪುಟಕ್ಕೂ ಇಡಬೇಕು. ಒಂದು ತಪ್ಪಿದರೆ ಅದೇ ಅಂಟುತ್ತದೆ.

3. ಬರಹದ ಹಾಳೆಗಳಲ್ಲಿ ಹತ್ತಿಪ್ಪತ್ತು ಹಾಳೆಗೊಂದರಂತೆ ಅಚ್ಚಿಲ್ಲದ ಬಿಳಿ ಕಾಗದ ಅಥವಾ ಟಿಶ್ಯೂ ಇಟ್ಟು, ನೆನೆದಂತೆಲ್ಲ ಬದಲಿಸಿ. ತುಂಬ ತುರುಕಿದರೆ ಬೆನ್ನು ಒಡೆಯುತ್ತದೆ.

4. ಅಷ್ಟು ಹೊತ್ತು ಕೂರಲು ಆಗದಿದ್ದರೆ, ಪುಸ್ತಕವನ್ನು ಬೆಣ್ಣೆ ಕಾಗದದಲ್ಲಿ ಸುತ್ತಿ ಚೀಲಕ್ಕೆ ಹಾಕಿ ಫ್ರೀಜರಿಗೆ ಸೇರಿಸಿ. ಅಲ್ಲಿ ಅದು ನಿಂತಲ್ಲೇ ನಿಲ್ಲುತ್ತದೆ. ಆಮೇಲೆ ಬಿಡುವು ಮಾಡಿಕೊಂಡು, ಕರಗಿದಷ್ಟನ್ನೇ ಬಿಡಿಸುತ್ತ ಒಣಗಿಸಬಹುದು; ತಜ್ಞರಿಗೂ ಒಯ್ಯಬಹುದು.

5. ಮುಕ್ಕಾಲು ಪಾಲು ಒಣಗಿದ ಮೇಲೆ ಎರಡು ಹಲಗೆಗಳ ನಡುವೆ ಹಗುರ ಭಾರ ಇಟ್ಟರೆ ರಟ್ಟು ಸೊಟ್ಟಗಾಗುವುದಿಲ್ಲ. ಚಿತ್ರಪುಟಗಳ ನಡುವಿನ ಕಾಗದ ಅಲ್ಲೇ ಇರಲಿ.

ಅಂಟಿ ಒಣಗಿಯೇ ಹೋಗಿದ್ದರೆ ದಯವಿಟ್ಟು ಕೈಹಾಕಬೇಡಿ. ಚಾಕು, ಹಬೆ, ನೀರು ಯಾವುದೂ ಬೇಡ. ಬೆಂಗಳೂರಿನಲ್ಲಿ ಇಂಟ್ಯಾಕ್ ಸಂಸ್ಥೆಯ ಕಲಾಕೃತಿ ಸಂರಕ್ಷಣಾ ಕೇಂದ್ರವಿದೆ. ಅಂಥ ಕಡೆ ತೋರಿಸಿದ ಮೇಲೇ ಮುಂದಿನ ಮಾತು. ಅಂಟಿದ ಹಾಳೆಯಲ್ಲಿ ಚಿತ್ರ ಇನ್ನೂ ಇದೆ. ಎಳೆದರೆ ಇರುವುದಿಲ್ಲ.

ನಾವು ಸಾಮಾನ್ಯವಾಗಿ ಮಾಡುವ ತಪ್ಪುಗಳು

ಅಂಗಳದ ಬಿಸಿಲು. ಆಗಸ್ಟಿನಲ್ಲಿ ಒಂದು ದಿನ ಬಿಸಿಲು ಕಂಡರೆ ಅಮ್ಮ ಕೂಗಿ ಹೇಳುತ್ತಿದ್ದರು: “ಮಗಾ, ಹಪ್ಪಳದ ಜೊತೆ ಆ ಪುಸ್ತಕನೂ ಚಾಪೆ ಮೇಲೆ ಹರಡು.” ಪ್ರೀತಿಯಿಂದ ಹೇಳಿದ್ದೇ. ಆದರೆ ರಟ್ಟಿನ ಮೇಲ್ಭಾಗ ಬೇಗ ಒಣಗಿ ಕೆಳಭಾಗ ಹಸಿಯಾಗಿ ಉಳಿದರೆ ಅದು ದೋಣಿಯಂತೆ ಬಾಗುತ್ತದೆ, ಚಿತ್ರಗಳ ಬಣ್ಣ ಬಿಳಚುತ್ತದೆ. ನೆರಳು, ಗಾಳಿ, ಸಮಯ ಇಷ್ಟೇ ಬೇಕಾದದ್ದು.

ಹೊಗೆ ಅಟ್ಟ. ಅಡಿಕೆಗೆ, ಉಪ್ಪಿಗೆ ಸರಿ. ಪುಸ್ತಕಕ್ಕೆ ಹೊಗೆಯ ಜಿಡ್ಡು ಕಾಯಂ ಕಲೆ; ಹಗಲು ಬಿಸಿ, ರಾತ್ರಿ ತಂಪು ಎಂಬ ಏರಿಳಿತಕ್ಕೆ ಬೆನ್ನಿನ ಅಂಟು ಬಿರಿಯುತ್ತದೆ. ಒಲೆಯ ಬಿಸುಪು ಗೋಡೆಯ ಈಚೆಯಿಂದ ಸಿಕ್ಕರೆ ಸಾಕು. ಕಪಾಟಿನೊಳಗೆ ಬಲ್ಬು ಉರಿಸಿಡುವುದೂ ಇದೇ ಲೆಕ್ಕದ್ದು. ಕಾಗದ, ಮರ, ಬಿಸಿ ಗಾಜು ಒಂದೇ ಕಡೆ ಇರುವುದರಿಂದ ನಾನು ಅದನ್ನು ಹೇಳಲಾರೆ.

ನುಸಿಗುಳಿಗೆ. ಬೂಷ್ಟಿಗೆ ಅದರಿಂದ ಏನೂ ಆಗುವುದಿಲ್ಲ. ಮುಚ್ಚಿದ ಕೋಣೆಯಲ್ಲಿ ಮಲಗುವವರ ಆರೋಗ್ಯಕ್ಕೆ ಕೆಡುಕು, ಪುಸ್ತಕಕ್ಕೆ ಹತ್ತಿದ ವಾಸನೆ ವರ್ಷಗಟ್ಟಲೆ ಹೋಗುವುದಿಲ್ಲ. ಹಸಿ ಬೇವಿನ ಸೊಪ್ಪು ಇಡುವವರೂ ಇದ್ದಾರೆ. ಹಸಿ ಎಲೆಯೆಂದರೆ ನೀರು. ಇಡುವುದಾದರೆ ಗರಿಗರಿಯಾಗಿ ಒಣಗಿದ್ದನ್ನು ಬಟ್ಟೆಯಲ್ಲಿ ಕಟ್ಟಿ ದೂರದ ಮೂಲೆಯಲ್ಲಿಡಿ.

ಮಜ್ಜಿಗೆ ಹುಲ್ಲಿನ ಎಣ್ಣೆ. ತಾಳೆಗರಿ ಒಣಗಿ ಮುರಿಯದಂತೆ ಎಣ್ಣೆ ಸವರುವುದು ನಮ್ಮ ಹಳೆಯ ಒಳ್ಳೆಯ ಪದ್ಧತಿ. ಗರಿ ಎಲೆ; ಕಾಗದ ಎಲೆಯಲ್ಲ. ಕಾಗದಕ್ಕೆ ತಾಗಿದ ಎಣ್ಣೆ ಹರಡಿ, ಕಾಲಕ್ರಮದಲ್ಲಿ ಹಳದಿಯಾಗಿ, ಆ ಜಾಗ ಗಾಜಿನಂತೆ ಪಾರದರ್ಶಕವಾಗುತ್ತದೆ. ತಾಳೆಗರಿಗೆ ಮಾಡಿದ್ದನ್ನು ಪುಸ್ತಕಕ್ಕೆ ಮಾಡಬೇಡಿ.

ಸೆಲ್ಲೋಟೇಪು ಮತ್ತು ಹೊಸ ಬೈಂಡಿಂಗು. ಹರಿದ ಹೊರಹೊದಿಕೆಗೆ ಟೇಪು ಅಂಟಿಸಿದರೆ ಹತ್ತು ವರ್ಷದಲ್ಲಿ ಟೇಪು ಉದುರಿ, ಕಂದು ಪಟ್ಟಿ ಉಳಿಯುತ್ತದೆ. ಹೊಸದಾಗಿ ಕಟ್ಟಿಸಲು ಕೊಟ್ಟರೆ ಅಂಚು ಕತ್ತರಿಸಿ, ಹಳೆ ರಟ್ಟು ಕಿತ್ತೆಸೆದು ಗಟ್ಟಿಮುಟ್ಟಾಗಿ ಮಾಡಿಕೊಡುತ್ತಾರೆ. ಓದಲು ಅನುಕೂಲ, ಸಂಗ್ರಹದ ಬೆಲೆ ಅಲ್ಲಿಗೆ ಮುಗಿಯಿತು. ಅಂಚಿನ ಪೆನ್ಸಿಲ್ ಬರಹವೂ ಕತ್ತರಿಗೆ ಹೋಗುತ್ತದೆ. ಸಡಿಲಾದ ಪುಸ್ತಕಕ್ಕೆ ಅಗಲವಾದ ಹತ್ತಿಯ ಲಾಡಿ ಕಟ್ಟಿಡಿ, ಅಷ್ಟು ಸಾಕು.

ಹಳೆಯ ಗುರುತು ಅಳಿಸುವುದು. ಮೊದಲ ಹಾಳೆಯಲ್ಲಿ ಹಿಂದಿನವರ ಹೆಸರು, ಮದುವೆಗೆ ಕೊಟ್ಟ ಕಾಣಿಕೆಯ ಬರಹ, ಅಂಗಡಿಯ ಚೀಟಿ ಇದ್ದರೆ ಇರಲಿ. ಪುಸ್ತಕ ಯಾರ ಯಾರ ಕೈ ದಾಟಿ ಬಂತು ಎನ್ನುವುದಕ್ಕೆ ಅವೇ ಸಾಕ್ಷಿ. ನಿಮ್ಮ ಹೆಸರು ಬರೆಯುವುದಾದರೆ ಹಿಂದಿನ ಹಾಳೆಯಲ್ಲಿ, ಮೆತ್ತನೆಯ ಪೆನ್ಸಿಲಿನಲ್ಲಿ.

ವರ್ಷದ ಲೆಕ್ಕ

ಮೇ ಎರಡನೇ ವಾರದಲ್ಲಿ ಹಂಚು ನೋಡಿಸಿ, ಪುಸ್ತಕ ಒಣಗಿದೆಯೇ ನೋಡಿ, ಸಿಲಿಕಾ ಜೆಲ್ ಬಿಸಿ ಮಾಡಿಕೊಳ್ಳಿ. ಮೃಗಶಿರಾ ಹುಟ್ಟುವ ಮುಂಚೆ ಡಬ್ಬಿ ಮುಚ್ಚಿರಬೇಕು. ಜೂನಿನಿಂದ ಸೆಪ್ಟೆಂಬರ್‌ವರೆಗೆ ವಾರಕ್ಕೊಮ್ಮೆ ತೇವಮಾಪಕ ಓದಿ. ದೀಪಾವಳಿ ಕಳೆದು ಅಡಿಕೆ ಸುಲಿಯುವ ಹೊತ್ತಿಗೆ ಗಾಳಿ ಒಣಗಿರುತ್ತದೆ. ಆಗ ಪುಸ್ತಕ ಹೊರತೆಗೆದು, ಕೈ ತೊಳೆದು ಒರೆಸಿಕೊಂಡು, ಒಂದೊಂದು ಪುಟವಾಗಿ ತಿರುವಿ. ಹಾಳೆಗಳಿಗೂ ಗಾಳಿಯಾಗುತ್ತದೆ, ಓದಿದ ಹಾಗೂ ಆಗುತ್ತದೆ.

ನಮ್ಮ ‘ರೆನ್ವಾರ್’ ಪುಸ್ತಕದ ಹಿಂದಿನ ರಟ್ಟಿನೊಳಗೆ ಒಂದು ಬಿಡಿ ಚೀಟಿ ಇಟ್ಟಿದ್ದೇನೆ. ಪ್ರತಿ ವರ್ಷ ಹೊರತೆಗೆದ ದಿನಾಂಕ, ಡಬ್ಬಿಯೊಳಗಿನ ತೇವಾಂಶ, ಕಂಡ ಬದಲಾವಣೆ ಪೆನ್ಸಿಲಿನಲ್ಲಿ ಬರೆಯುತ್ತೇನೆ. ಅಂಟಿ ಹರಿದ ಆ ಎರಡು ಹಾಳೆಗಳ ನಡುವೆ ಬೆಣ್ಣೆ ಕಾಗದವಿದೆ. ಉಳಿದ ಚಿತ್ರಗಳೆಲ್ಲ ಅಪ್ಪಯ್ಯ ನೋಡಿದಾಗ ಹೇಗಿದ್ದವೋ ಹಾಗೇ ಇವೆ.